ಓದುಗರ ಪ್ರಶ್ನೆ: ಪುಸ್ತಕ ಕಂಡರೆ ಓಡುವ ಮಕ್ಕಳಿಗೆ ಸಾಹಸ ಕಾದಂಬರಿ

ಮಕ್ಕಳ ಸಾಹಸ ಕಾದಂಬರಿಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊಡಗಿನವು. ಮಳೆಗೆ ಶಾಲೆ ರಜೆ, ಕರೆಂಟಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ ಎಂದಾಗ ಮನೆಯಲ್ಲಿರುವ ಪುಸ್ತಕ ನೆನಪಾಗುತ್ತದೆ. ಓದಲು ಒಲ್ಲದ ಮಕ್ಕಳ ವಿಷಯವಾಗಿ ಬಂದ ಆರು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರ: ಮಗ ಆರನೇ ತರಗತಿ, ಇಂಗ್ಲಿಷ್ ಮಾಧ್ಯಮ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದು ಮಾತ್ರ ನಿಧಾನ. ಸಾಹಸದ ಕಥೆಯಾದರೂ ಓದಲಿ ಎಂದು ಇನ್ನೂರು ಪುಟದ ಕಾದಂಬರಿ ತಂದುಕೊಟ್ಟೆ. ಎರಡು ತಿಂಗಳಿಂದ ಹನ್ನೊಂದನೇ ಪುಟದಲ್ಲೇ ನಿಂತಿದ್ದಾನೆ. ಓದಿನಲ್ಲಿ ಅವನಿಗೆ ಆಸಕ್ತಿಯೇ ಇಲ್ಲ ಎಂದುಕೊಳ್ಳಲೇ?
– ಒಬ್ಬ ತಾಯಿ, ಗೋಣಿಕೊಪ್ಪಲು

ಉ: ಈಗಲೇ ಹಾಗೆ ತೀರ್ಮಾನಿಸಬೇಡಿ. ಮೊದಲು ಎರಡು ಪರೀಕ್ಷೆ ಮಾಡಿ ನೋಡಿ, ಒಟ್ಟು ಕಾಲು ಗಂಟೆಯ ಕೆಲಸ. ಹನ್ನೆರಡನೇ ಪುಟದಿಂದ ನೀವೇ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಥಟ್ಟನೆ ನಿಲ್ಲಿಸಿ. ‘ಆಮೇಲೆ?’ ಎಂದನೋ, ಕಥೆ ಅವನಿಗೆ ಹಿಡಿಸಿದೆ. ಕಣ್ಣಿನ ಶ್ರಮ ಹಿಡಿಸಿಲ್ಲ, ಅಷ್ಟೆ. ಆಮೇಲೆ ಅದೇ ಪುಸ್ತಕದ ಸುಮಾರು ನೂರು ಪದಗಳನ್ನು ಅವನಿಂದ ಓದಿಸಿ. ಎಡವಿದಲ್ಲಿ ತಿದ್ದಬೇಡಿ, ಮನಸ್ಸಿನಲ್ಲೇ ಎಣಿಸಿ. ನೂರಕ್ಕೆ ಐದರೊಳಗೆ ಎಡವಿದರೆ ಒಬ್ಬನೇ ಓದಬಲ್ಲ. ಐದರಿಂದ ಹತ್ತಾದರೆ ನಿಮ್ಮ ಜೊತೆ ಕೂತು ಓದಬಲ್ಲ. ಹತ್ತು ದಾಟಿತೆಂದರೆ ಆ ಪುಸ್ತಕವನ್ನು ಮುಂದಿನ ವರ್ಷಕ್ಕೆ ಎತ್ತಿಡಿ. ಅದರಲ್ಲಿ ಅವನ ತಪ್ಪಿಲ್ಲ.

ಕನ್ನಡದ ಓದು ಕೈಗೆ ಹತ್ತುವುದು ನಿಧಾನವೇ. 49 ಮೂಲಾಕ್ಷರ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತಕ್ಷರ ಎಂದು ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಕ್ಷರಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂತು. ದಿನಕ್ಕೊಂದು ಪೀರಿಯಡ್ ಮಾತ್ರ ಕನ್ನಡ ಇರುವ ಮಗುವಿಗೆ ಇನ್ನೂ ತಡವಾಗುವುದು ಸಹಜ. ಹೀಗಾಗಿ ನಿಮ್ಮ ಮಗನಿಗೆ ಹನ್ನೊಂದು ವರ್ಷದವನ ಕಥೆ ಬೇಕು, ಎಂಟು ವರ್ಷದವನ ಅಚ್ಚು ಬೇಕು. ಎಂಟು ವರ್ಷದವರ ಮೊಲ–ಆಮೆ ಕಥೆ ಕೊಟ್ಟರೆ ಅವಮಾನವೆಂದುಕೊಳ್ಳುತ್ತಾನೆ, ದೊಡ್ಡವರ ಅಚ್ಚು ಕೊಟ್ಟರೆ ಸುಸ್ತಾಗುತ್ತಾನೆ. ಇಂಗ್ಲಿಷ್‌ನಲ್ಲಿ ಇಂಥ ಮಕ್ಕಳಿಗೆಂದೇ ಪ್ರಕಾಶನ ಸಂಸ್ಥೆಗಳಿವೆ. ಎಡಿನ್‌ಬರೋದಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ 1998ರಿಂದ ಇದೇ ಕೆಲಸ ಮಾಡುತ್ತಿದೆ: ಕೆನೆಬಣ್ಣದ ಕಾಗದ, ಬಿಡಿಯಾದ ಸಾಲು, ಪುಟ್ಟ ಅಧ್ಯಾಯ, ಬಿರುಸಿನ ಕಥೆ. ಕನ್ನಡದಲ್ಲಿ ಹಾಗೆಂದು ಗುರುತು ಹಚ್ಚಿದ ಪುಸ್ತಕ ಅಂಗಡಿಯಲ್ಲಿ ಸಿಗುವುದು ಅಪರೂಪ. ನೀವೇ ಬಿಡಿಸಿ ನೋಡಿ ಆರಿಸಬೇಕು.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಇಷ್ಟು. ಮೊದಲ ಪುಟದಲ್ಲೇ ಯಾರಿಗಾದರೂ ಏನಾದರೂ ಆಗಿದೆಯೇ? ಬೆಳಗಿನ ಮಂಜು, ಬೆಟ್ಟದ ಸೊಬಗು, ನಾಯಕನ ವಂಶಾವಳಿ ಎಂದು ಮೂರು ಪುಟ ಹೋದರೆ ಕೆಳಗಿಡಿ. ಅಕ್ಷರ 14 ಪಾಯಿಂಟ್‌ಗೆ ಕಡಿಮೆ ಇರಬಾರದು. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಷ್ಟು ಸಾಲುಗಳು ಒತ್ತೊತ್ತಾಗಿದ್ದರೆ ಬೇಡ. ನಿಧಾನ ಓದುವ ಮಗು ಸಾಲು ತಪ್ಪುವುದು ಅಲ್ಲೇ. ಪುಟವನ್ನು ಬೆಳಕಿಗೆ ಹಿಡಿದಾಗ ಹಿಂಬದಿಯ ಅಚ್ಚು ಎದ್ದು ಕಾಣಬಾರದು. ಅಧ್ಯಾಯ ಆರು ಪುಟ ಮೀರಬಾರದು. ಪುಟದ ಅರ್ಧದಷ್ಟಾದರೂ ಮಾತುಕತೆಯಿರಲಿ, ಮಾತು ಬಂದಲ್ಲಿ ಬಿಳಿಜಾಗ ಇರುತ್ತದೆ, ಬಿಳಿಜಾಗ ಇದ್ದಲ್ಲಿ ಕಣ್ಣು ಉಸಿರಾಡುತ್ತದೆ.

ತಂದಿರುವ ಪುಸ್ತಕವನ್ನೂ ಬಿಸಾಡಬೇಡಿ. ಹನ್ನೊಂದು ಪುಟದ ಕಥೆಯನ್ನು ಎರಡೇ ನಿಮಿಷದಲ್ಲಿ ಬಾಯಲ್ಲಿ ಹೇಳಿ, ಏನಾದರೂ ನಡೆಯುವ ಅಧ್ಯಾಯದಿಂದ ಶುರು ಮಾಡಿ. ನೀವೊಂದು ಪ್ಯಾರಾ, ಅವನೊಂದು ಪ್ಯಾರಾ. ಅವನು ತಡವರಿಸಿದರೆ ಮೂರು ಸೆಕೆಂಡು ಕಾದು, ಪದ ಹೇಳಿಕೊಟ್ಟು ಮುಂದೆ ಹೋಗಿ. ಅಕ್ಷರ ಬಿಡಿಸಿ ಕೂಡಿಸಲು ಕೂರಿಸಿದರೆ ಕಥೆಯ ಓಟ ಸತ್ತುಹೋಗುತ್ತದೆ. ದಿನಕ್ಕೆ ಹದಿನೈದು ನಿಮಿಷ. ಅವನು ಇನ್ನೂ ಬೇಕು ಎನ್ನುವಾಗಲೇ ಮುಚ್ಚಿ. ಓದಿದ ಮೇಲೆ ‘ಇದರಿಂದ ಏನು ಕಲಿತೆ?’ ಎಂದು ಮಾತ್ರ ಕೇಳಬೇಡಿ.

ಪ್ರ: ಐದರಿಂದ ಏಳನೇ ತರಗತಿಯ ಮಕ್ಕಳಿಗಾಗಿ ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ಕಾಫಿ ತೋಟದಲ್ಲಿ ಕರಿಮೆಣಸು ಕದಿಯುವವರನ್ನು ಮೂವರು ಮಕ್ಕಳು ಪತ್ತೆಹಚ್ಚುವ ಕಥೆ. ತರಗತಿಯಲ್ಲಿ ಓದಿದರೆ ಮಕ್ಕಳು ಕೇಳುತ್ತಾರೆ, ಕೈಗೆ ಕೊಟ್ಟರೆ ಓದುವುದಿಲ್ಲ. ಹೊಡೆದಾಟ, ಓಟ ಎಲ್ಲವೂ ಇದೆ. ಎಲ್ಲಿ ತಪ್ಪುತ್ತಿದೆ?
– ಒಬ್ಬ ಶಿಕ್ಷಕರು, ಸೋಮವಾರಪೇಟೆ ತಾಲ್ಲೂಕು

ಉ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಓದಿಹೇಳಿದರೆ ಕೇಳುತ್ತಾರೆ ಎಂದರೆ ಕಥೆ ಸರಿಯಿದೆ, ವಾಕ್ಯ ಸರಿಯಿಲ್ಲ. ನೀವು ಓದುವಾಗ ನಿಮ್ಮ ದನಿ ಉದ್ದ ವಾಕ್ಯವನ್ನು ತುಂಡರಿಸಿ ಕೊಡುತ್ತದೆ. ಕೈಗೆ ಕೊಟ್ಟ ಹಾಳೆಯಲ್ಲಿ ಆ ಸಹಾಯ ಇಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ, ಹೇಗೆ ಎಂಬುದನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ‘ಏನಾಯಿತು’ ಎಂಬಲ್ಲಿಗೆ ಮಗು ನಡೆದು ಹೋಗಬೇಕು. ನುರಿತ ಓದುಗನಿಗೆ ಅದು ಹೊರೆಯಲ್ಲ. ಒಂದೊಂದು ಒತ್ತಕ್ಷರಕ್ಕೂ ನಿಲ್ಲುವ ಮಗು ಮಾತ್ರ ಕ್ರಿಯಾಪದ ಮುಟ್ಟುವಷ್ಟರಲ್ಲಿ ವಾಕ್ಯದ ತಲೆಯನ್ನು ಮರೆತಿರುತ್ತದೆ. ಇಂಥದೊಂದು ವಾಕ್ಯ ನೋಡಿ (ತೋಡು ಎಂದರೆ ಸಣ್ಣ ಹಳ್ಳ, ಪಾಲ ಎಂದರೆ ಕಾಲುಸೇತುವೆ):

‘ಧಾರಾಕಾರವಾಗಿ ಸುರಿಯುತ್ತಿದ್ದ ಮಳೆಯಿಂದಾಗಿ ಉಕ್ಕೇರಿ ಹರಿಯುತ್ತಿದ್ದ ತೋಡಿನ ಮೇಲೆ ಹಾಕಲ್ಪಟ್ಟಿದ್ದ ಅಡಿಕೆ ಮರದ ಪಾಲವನ್ನು ಅತ್ಯಂತ ಎಚ್ಚರಿಕೆಯಿಂದ ದಾಟುತ್ತಿದ್ದ ಅಚ್ಚುವಿಗೆ ಇದ್ದಕ್ಕಿದ್ದಂತೆ ಹಿಂದಿನಿಂದ ತಂಗಿಯ ಕೂಗು ಕೇಳಿಸಿತು.’

ಇಪ್ಪತ್ತು ಪದ. ಪಾಲ, ಪ್ರವಾಹ, ಕೂಗು ಎಲ್ಲ ಇದೆ, ಭಯ ಮಾತ್ರ ಇಲ್ಲ. ಈಗ ಅದನ್ನೇ ಬಿಡಿಸಿ ಬರೆದರೆ:

‘ತೋಡು ಉಕ್ಕಿತ್ತು. ಪಾಲ ಅಂದರೆ ಎರಡು ಅಡಿಕೆ ಮರ, ಅಷ್ಟೆ. ಅಚ್ಚು ಒಂದು ಕಾಲಿಟ್ಟ. ಮರ ಅಲುಗಿತು. ನೀರು ಒಂದೇ ಗೇಣು ಕೆಳಗಿತ್ತು. ಇನ್ನೊಂದು ಕಾಲಿಟ್ಟ.
“ಅಣ್ಣಾ!”
ತಂಗಿಯ ದನಿ. ತಿರುಗಿ ನೋಡುವ ಹಾಗಿಲ್ಲ. ತಿರುಗಿದರೆ ಬೀಳುತ್ತಾನೆ.’

ಇಲ್ಲಿ ಪ್ರತಿ ವಾಕ್ಯದ ತುದಿಯಲ್ಲೂ ಒಂದು ಸಂಗತಿ ನಡೆಯುತ್ತದೆ. ‘ಧಾರಾಕಾರ’ದ ಬದಲು ‘ಒಂದೇ ಗೇಣು’ ಬಂದಿರುವುದನ್ನೂ ಗಮನಿಸಿ. ಅಳತೆ ಕೊಟ್ಟರೆ ಮಗುವೇ ಹೆದರುತ್ತದೆ, ವಿಶೇಷಣ ಕೊಟ್ಟರೆ ಬರೆದವರು ಹೆದರಿದ್ದು ತಿಳಿಯುತ್ತದೆ. ಹಾಗೆಂದು ಎಲ್ಲವನ್ನೂ ಮೂರು ಪದಕ್ಕೆ ಕತ್ತರಿಸಿದರೆ ಬಿಕ್ಕಳಿಕೆ ಬಂದ ಹಾಗಿರುತ್ತದೆ. ನಾಲ್ಕೈದು ಗಿಡ್ಡ ವಾಕ್ಯದ ಮೇಲೊಂದು ಓಡುವ ವಾಕ್ಯ ಇರಲಿ: ‘ಅಚ್ಚು ಬಗ್ಗಿ, ಮರವನ್ನು ತಬ್ಬಿ, ತೆವಳುತ್ತ ಆಚೆ ದಡ ಮುಟ್ಟಿದ.’ ಬಗ್ಗಿ, ತಬ್ಬಿ, ತೆವಳಿ ಎಂದು ಕ್ರಿಯೆಗಳನ್ನು ಸರಪಳಿ ಹಾಕುವುದು ಕನ್ನಡಕ್ಕೆ ಒಲಿದು ಬಂದ ಗುಣ. ಮೂರು ಕೊಂಡಿ ಸಾಕು, ಐದಾದರೆ ಮತ್ತೆ ಭಾರ.

ಸಂಧಿ ಬಿಡಿಸಿ ಬರೆಯಿರಿ. ‘ಮರದಿಂದಿಳಿದೋಡಿದ’ ಬೇಡ, ‘ಮರದಿಂದ ಇಳಿದು ಓಡಿದ’ ಸಾಕು. ‘ಹೋಗಬೇಕಾಗಿದ್ದುದರಿಂದ’ ಎಂಬ ಒಂದು ಪದದಲ್ಲಿ ಒಂಬತ್ತು ಅಕ್ಷರಗಳಿವೆ; ‘ಹೋಗಲೇಬೇಕಿತ್ತು. ಅದಕ್ಕೇ…’ ಎಂದು ಮುರಿಯಿರಿ. ‘ಲ್ಪಟ್ಟ’ ಎಲ್ಲಿ ಕಂಡರೂ ಕಿತ್ತುಹಾಕಿ. ಒತ್ತಕ್ಷರವನ್ನೇ ಬಿಡಬೇಕೆಂದಲ್ಲ: ಅಕ್ಕ, ಹಳ್ಳ, ಬೆಟ್ಟ ಯಾರಿಗೂ ಕಷ್ಟವಾಗದು. ಕಷ್ಟವಾಗುವುದು ‘ವೈಶಿಷ್ಟ್ಯ’ದಂತೆ ಒಂದರ ಕಾಲಿಗೆ ಎರಡು ತೂಗುಬಿದ್ದಾಗ. ಹೊಸ ಪದವೊಂದು ಕಥೆಗೆ ಬೇಕೇಬೇಕಾದರೆ ಪುಟಕ್ಕೆ ಒಂದರಂತೆ ತಂದು, ಅದೇ ಅಧ್ಯಾಯದಲ್ಲಿ ಮೂರು ಸಲ ಬಳಸಿ. ಮೂರನೇ ಸಲ ಕಣ್ಣು ಅದನ್ನು ಇಡಿಯಾಗಿ ಹಿಡಿಯುತ್ತದೆ. ಸರ್ರನೆ, ದಬದಬ, ಥಟ್ಟನೆ ಇವೆಲ್ಲ ಧಾರಾಳವಾಗಿ ಬರಲಿ.

ಗಾತ್ರದ ಲೆಕ್ಕ: ಹನ್ನೆರಡು ಅಧ್ಯಾಯ, ಒಂದೊಂದಕ್ಕೆ 500ರಿಂದ 600 ಪದ. ಒಟ್ಟು ಏಳು ಸಾವಿರದ ಆಸುಪಾಸು. ದೊಡ್ಡ ಅಚ್ಚು, ಅಧ್ಯಾಯಕ್ಕೊಂದು ಚಿತ್ರ ಸೇರಿದರೆ ಸುಮಾರು 80 ಪುಟ, ಅಂದರೆ 16 ಪುಟದ ಐದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು). ಇದಕ್ಕಿಂತ ತೆಳ್ಳಗಿದ್ದರೆ ಮಗು ‘ಕಾದಂಬರಿ ಮುಗಿಸಿದೆ’ ಎಂದು ಹೇಳಿಕೊಳ್ಳುವ ಹೆಮ್ಮೆ ಸಿಗುವುದಿಲ್ಲ. ಆ ಹೆಮ್ಮೆ ದೊಡ್ಡದು, ಅದನ್ನು ಕಡೆಗಣಿಸಬೇಡಿ.

ಹೊಡೆದಾಟ ಇದೆ ಎಂದಿರಿ. ಹೊಡೆದಾಟ ಒಂದೇ ಸಾಹಸವಲ್ಲ. ಮಗುವೊಂದು ಏನನ್ನೋ ಬಯಸಬೇಕು, ಅಡ್ಡಿ ಬರಬೇಕು, ಹೊತ್ತು ಮೀರುತ್ತಿರಬೇಕು. ಮೆಣಸಿನ ಚೀಲ ಹೊತ್ತ ಪಿಕಪ್ ಗೇಟು ದಾಟುವುದರೊಳಗೆ, ತೋಡಿನ ನೀರು ಪಾಲ ಮುಟ್ಟುವುದರೊಳಗೆ, ಕಡೇ ಬಸ್ಸು ಹೊರಡುವುದರೊಳಗೆ ಎಂಬಂಥ ಗಡಿಯಾರ ಪ್ರತಿ ಅಧ್ಯಾಯದಲ್ಲೂ ಟಿಕ್ ಟಿಕ್ ಎನ್ನುತ್ತಿರಲಿ. ಒಂದು ಅಧ್ಯಾಯಕ್ಕೆ ಒಂದೇ ಜಾಗ, ಒಂದೇ ತೊಡಕು. ತೊಡಕು ಬಿಡಿಸಿದ ಕೈಯೇ ಮುಂದಿನದಕ್ಕೆ ಕಾರಣವಾದರೆ ಕಥೆ ತಾನೇ ಓಡುತ್ತದೆ: ಟಾರ್ಚ್ ಹೊತ್ತಿಸಿದ್ದರಿಂದ ದಾರಿ ಕಂಡಿತು, ಟಾರ್ಚ್ ಹೊತ್ತಿಸಿದ್ದರಿಂದಲೇ ಕಳ್ಳರಿಗೂ ಕಂಡಿತು. ಅಧ್ಯಾಯದ ಕೊನೆಯಲ್ಲಿ ‘ಭೂತ!’ ಎಂದು ನಿಲ್ಲಿಸಿ ಮುಂದಿನ ಪುಟದಲ್ಲಿ ‘ಅದು ಬೆಕ್ಕಾಗಿತ್ತು’ ಎಂದರೆ ಮಗು ಒಂದು ಸಲ ಕ್ಷಮಿಸುತ್ತದೆ, ಎರಡನೇ ಸಲ ಪುಸ್ತಕ ಮುಚ್ಚುತ್ತದೆ.

ಬರೆಯುವ ಮುಂಚೆ ತೋಟದ ನಕ್ಷೆ ಬರೆದಿಟ್ಟುಕೊಳ್ಳಿ: ಬಂಗಲೆ, ಕಣ, ಲೈನ್ ಮನೆ (ಕಾರ್ಮಿಕರ ಸಾಲುಮನೆ), ಪಲ್ಪರ್ ಶೆಡ್ಡು (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ), ಕೆರೆ, ಗೇಟು. ಯಾವುದರಿಂದ ಯಾವುದಕ್ಕೆ ಎಷ್ಟು ನಿಮಿಷದ ಓಟ ಎಂದು ಬರೆಯಿರಿ. ಆ ನಕ್ಷೆಯನ್ನೇ ಪುಸ್ತಕದ ಮೊದಲ ಪುಟದಲ್ಲಿ ಅಚ್ಚು ಹಾಕಿದರೆ ಓದಲೊಲ್ಲದ ಮಗು ಅಲ್ಲಿಂದಲೇ ಶುರು ಮಾಡುತ್ತದೆ. ಬೆಟ್ಟಕ್ಕೆ ಕಥೆ ಒಯ್ಯುವುದಾದರೆ ನಿಜವಾದ ಬೆಟ್ಟಕ್ಕೇ ಒಯ್ಯಿರಿ. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆ, ಅದರ ಹಿಂದೆ ಏರುವ 1,748 ಮೀಟರ್ ಎತ್ತರದ ತಡಿಯಂಡಮೋಳ್. ಇದಕ್ಕಿಂತ ಒಳ್ಳೆಯ ಅಡಗುದಾಣ ಕಲ್ಪಿಸುವುದು ಕಷ್ಟ. ಕಾಲವೂ ಸರಿಯಿರಲಿ. ಕಾಫಿ ಹೂವು ಅರಳುವುದು ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ. ಜೂನ್ ಕಥೆಯಲ್ಲಿ ಕಾಫಿ ಹೂವಿನ ಘಮ ತಂದರೆ ತೋಟದ ಮಗು ನಿಮ್ಮ ಮಿಕ್ಕ ಮಾತನ್ನೂ ನಂಬುವುದಿಲ್ಲ.

ಹೆಸರುಗಳ ಮೊದಲಕ್ಷರ ಬೇರೆ ಬೇರೆ ಇರಲಿ. ನಿಧಾನ ಓದುವವರು ಹೆಸರನ್ನು ಪೂರ್ತಿ ಓದುವುದಿಲ್ಲ, ಮೊದಲಕ್ಷರ ನೋಡಿ ದಾಟುತ್ತಾರೆ. ಪೊನ್ನಪ್ಪ, ಪೂವಯ್ಯ, ಪೂಣಚ್ಚ ಮೂವರೂ ಒಂದೇ ಪುಟದಲ್ಲಿ ಓಡಾಡಿದರೆ ಕಳ್ಳ ಯಾರು, ಮಾವ ಯಾರು ಎಂದು ತಿಳಿಯದೆ ಕಥೆಯೇ ಕೈಬಿಟ್ಟುಹೋಗುತ್ತದೆ.

ಬರೆದಾದ ಮೇಲೆ ನಾಲ್ವರು ಮಕ್ಕಳಿಗೆ ಒಂದೊಂದು ಪ್ರತಿ ಕೊಟ್ಟು ಪಕ್ಕದಲ್ಲಿ ಕೂರಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಮೇಷ್ಟ್ರಿಗೆ ಎಲ್ಲರೂ ‘ಹೂಂ ಸರ್’ ಎನ್ನುತ್ತಾರೆ. ಬೆರಳು ಎಲ್ಲಿ ನಿಲ್ಲುತ್ತದೆ, ಯಾರು ಎಲ್ಲಿ ಕಿಟಕಿ ನೋಡುತ್ತಾರೆ ಎಂದು ನಿಮ್ಮ ಪ್ರತಿಯಲ್ಲಿ ಗೆರೆ ಹಾಕಿ. ಇಬ್ಬರು ಒಂದೇ ಕಡೆ ನಿಂತರೆ ಆ ಸಾಲು ತಿದ್ದಿ. ಇಬ್ಬರು ಒಂದೇ ಕಡೆ ಕಿಟಕಿ ನೋಡಿದರೆ ಆ ಪ್ಯಾರಾ ತೆಗೆಯಿರಿ.

ಪ್ರ: ಮಕ್ಕಳ ಕಥೆಯೊಂದರಲ್ಲಿ ಹುಡುಗ ಅಂಕುಡೊಂಕಾಗಿ ಓಡಿ ಆನೆಯಿಂದ ಪಾರಾಗುತ್ತಾನೆ. ನಮ್ಮ ಕಡೆ ಮಕ್ಕಳು ಆನೆ ಓಡಾಡುವ ತೋಟದ ದಾರಿಯಲ್ಲೇ ಶಾಲೆಗೆ ಹೋಗುತ್ತಾರೆ. ಇಂಥದ್ದನ್ನು ಓದಿಸಬಹುದೇ?
– ಓದುಗರು, ಸಿದ್ದಾಪುರ

ಉ: ಆ ಪುಟವನ್ನು ‘ಇದು ಸುಳ್ಳು’ ಎಂದು ಸ್ಪಷ್ಟವಾಗಿ ಹೇಳದೆ ಓದಿಸಬೇಡಿ. ಏಷ್ಯಾದ ಆನೆಗಳ ಓಟವನ್ನು ಥಾಯ್ಲೆಂಡಿನಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿತ್ತು. ಕಾಫಿ ಗಿಡಗಳ ನಡುವೆ, ಜಾರುವ ಮಣ್ಣಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡ ಮಗು ಅದರ ಹತ್ತಿರಕ್ಕೂ ಬರದು. ಗಿಡ ಮಗುವಿಗೆ ಅಡ್ಡಿ, ಆನೆಗೆ ಅಲ್ಲ.

ಆನೆಯನ್ನು ಕಥೆಯಿಂದ ತೆಗೆಯಬೇಕಿಲ್ಲ. ಕಥೆ ಬರೆಯುವವರು ಆನೆಯ ನಿಜವಾದ ರೀತಿ ತಿಳಿದರೆ ದೃಶ್ಯ ಇನ್ನೂ ಬಿಗಿಯಾಗುತ್ತದೆ. ಆನೆಗೆ ದೃಷ್ಟಿ ಮಂದ, ಮೂಗು ಬಲು ಚುರುಕು. ಹಾಗಾಗಿ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದೇ ಕಥೆಯ ತಿರುವು. ಹಲಸು ಹಣ್ಣಾಗುವ ಕಾಲದಲ್ಲಿ ಅದರ ವಾಸನೆಯೇ ಆನೆಯನ್ನು ತೋಟಕ್ಕೆ ಕರೆತರುತ್ತದೆ. ಕಿವಿ ಅಗಲಿಸಿ, ಸದ್ದು ಮಾಡುತ್ತ ನುಗ್ಗಿ ಬಂದು ನಿಲ್ಲುವುದು ಅನೇಕ ಸಲ ಬೆದರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಒಳಕ್ಕೆ ಸುತ್ತಿ ಬಂದರೆ ಅದು ಬರೀ ಬೆದರಿಕೆಯಲ್ಲ, ನಿಜವಾದ ದಾಳಿ. ಇದನ್ನು ನೋಡಿ ನಿಲ್ಲಬಹುದು ಎಂದು ಮಗು ಎಂದೂ ಲೆಕ್ಕ ಹಾಕಬಾರದು. ಕಥೆಯ ಮಕ್ಕಳು ದೂರದಲ್ಲೇ ಲದ್ದಿಯ ಬಿಸಿ ಹಬೆ ಕಂಡು ನಿಂತು, ಮಾತಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿದು, ಲೈನ್ ಮನೆಗೆ ಸುದ್ದಿ ಮುಟ್ಟಿಸಲಿ. ಉಸಿರು ಬಿಗಿಹಿಡಿದ ಆ ಐದು ನಿಮಿಷವನ್ನು ಚೆನ್ನಾಗಿ ಬರೆದರೆ ಓಟಕ್ಕಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತದೆ.

ಇದೇ ಎಚ್ಚರ ನೀರಿಗೂ ಮಣ್ಣಿಗೂ ಬೇಕು. ಮೊಣಕಾಲುದ್ದದ ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ. ಇನ್ನು ಗುಡ್ಡ ಕುಸಿತವನ್ನು ಬರೀ ರೋಚಕತೆಗೆ ಬಳಸಬೇಡಿ ಎಂದು ಬರೆಯುವವರನ್ನು ಕೇಳಿಕೊಳ್ಳುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ಈ ಪುಸ್ತಕಗಳನ್ನು ಓದುತ್ತಾರೆ.

ಪ್ರ: ‘ಓದುವ ಬೆಳಕು’ ಎಂಬ ಮಕ್ಕಳ ಓದಿನ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳು ಬರುತ್ತಾರೆ, ಚಿತ್ರ ನೋಡಿ ಹೋಗುತ್ತಾರೆ. ಮನೆಮಾತು ಕೆಲವರದು ಯರವ, ಕೆಲವರದು ಕೊಡವ ತಕ್ಕ್, ಕೆಲವರದು ಅರೆಭಾಷೆ. ಕಾದಂಬರಿ ಹಿಡಿಸುವುದು ಹೇಗೆ?
– ಗ್ರಂಥಾಲಯ ಮೇಲ್ವಿಚಾರಕರು, ವಿರಾಜಪೇಟೆ ತಾಲ್ಲೂಕು

ಉ: ಚಿತ್ರ ನೋಡುವುದನ್ನೇ ಮೊದಲ ಮೆಟ್ಟಿಲು ಮಾಡಿಕೊಳ್ಳಿ. ಕಾದಂಬರಿಯ ಚಿತ್ರಗಳನ್ನಷ್ಟೇ ತೋರಿಸಿ, ಏನಾಗಿರಬಹುದು ಎಂದು ಮಕ್ಕಳು ಅವರವರ ಮನೆಮಾತಿನಲ್ಲೇ ಹೇಳಲಿ. ಆಮೇಲೆ ಮೊದಲ ಅಧ್ಯಾಯ ನೀವು ಓದಿಹೇಳಿ. ಕಥೆಯ ಚೌಕಟ್ಟು ತಲೆಯಲ್ಲಿ ಕೂತಿದ್ದರೆ ಪುಸ್ತಕದ ಕನ್ನಡ ಅಷ್ಟು ಪರಕೀಯ ಅನ್ನಿಸುವುದಿಲ್ಲ.

ದಪ್ಪವೇ ಅಡ್ಡಿಯಾದರೆ ಒಂದು ಉಪಾಯವಿದೆ. ದಾಖಲೆಯ ಪ್ರತಿಯನ್ನು ಮುಟ್ಟಬೇಡಿ. ದಾನವಾಗಿ ಬಂದ ಇನ್ನೊಂದು ಪ್ರತಿಯಿದ್ದರೆ ಅಧ್ಯಾಯ ಅಧ್ಯಾಯವಾಗಿ ಬಿಡಿಸಿ, ರಟ್ಟಿನ ಹೊದಿಕೆ ಹಾಕಿ, ಪಿನ್ ಹೊಡೆದು, ಮೇಲೆ ದೊಡ್ಡದಾಗಿ 1, 2, 3 ಎಂದು ಬರೆಯಿರಿ. ಆರು ಪುಟದ ಪುಸ್ತಕವನ್ನು ಯಾವ ಮಗುವೂ ಹೆದರದೆ ಒಯ್ಯುತ್ತದೆ. ಮೂರನೆಯದನ್ನು ಒಯ್ದವನು ನಾಲ್ಕನೆಯದು ಯಾರ ಮನೆಯಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತಾನೆ. ಕಾದಂಬರಿಗೆ ಇನ್ನೂ ತಯಾರಿಲ್ಲದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಎಂಬ ಜಾಲತಾಣದಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದ ಕನ್ನಡ ಕಥೆಗಳಿವೆ. ಇಳಿಸಿಕೊಂಡು ಮುದ್ರಿಸಲು ಮುಕ್ತ ಪರವಾನಗಿಯಿದೆ, ಹಣ ಕೊಡಬೇಕಿಲ್ಲ. ಎರಡು, ಮೂರನೇ ಹಂತದಿಂದ ಶುರು ಮಾಡಿ.

ಮನೆಮಾತಿನ ಪದಗಳನ್ನು ಬಳಸಿದ ಪುಸ್ತಕ ಸಿಕ್ಕರೆ ಬಿಡಬೇಡಿ. ‘ಐನ್‌ಮನೆಯ ಗೋಡೆಯಲ್ಲಿ ಪೀಚೆಕತ್ತಿ ಇರಲಿಲ್ಲ’ ಎಂಬ ಒಂದು ಸಾಲು ಕೊಡವ ಮಗುವಿಗೆ ಎಷ್ಟು ಹೇಳುತ್ತದೆಂದು ನೋಡಿ. ಐನ್‌ಮನೆ ಎಂದರೆ ಕೊಡವ ಕುಟುಂಬದ ಮೂಲಮನೆ, ಪೀಚೆಕತ್ತಿ ಎಂದರೆ ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ. ಗೊತ್ತಿಲ್ಲದ ಮಗುವಿಗೂ ಮುಂದಿನ ಎರಡು ವಾಕ್ಯದಲ್ಲಿ ಅರ್ಥವಾದೀತು.

ಪ್ರ: ಮಳೆಗಾಲದಲ್ಲಿ ಪುಸ್ತಕಗಳಿಗೆಲ್ಲ ಬೂಷ್ಟು. ವಾಸನೆಗೇ ಮಕ್ಕಳು ಮುಟ್ಟುವುದಿಲ್ಲ.
– ಓದುಗರು, ಭಾಗಮಂಡಲ

ಉ: ಗಾಳಿಯ ತೇವ ಶೇಕಡ 65 ದಾಟಿ ಹಾಗೇ ಉಳಿದರೆ ಬೂಷ್ಟು ಬರುತ್ತದೆ, ಅದರಲ್ಲೂ ಗೋಡೆಗೆ ಒತ್ತಿದ ಕಪಾಟಿನಲ್ಲಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ, ಪುಸ್ತಕ ಬಿಗಿಯಾಗಿ ತುರುಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ತೇವದ ಪುಸ್ತಕ ಚೀಲದೊಳಗೇ ಬೇಯುತ್ತದೆ. ಮುಚ್ಚಿದ ಕಪಾಟಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಕಪಾಟಿನಲ್ಲಿ ಬಲ್ಬು ಉರಿಸುವ ಹಳೇ ಉಪಾಯ ಈಗ ನಡೆಯದು, ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಬಿಸಿ ಇಲ್ಲ. ಬೂಷ್ಟು ಬಂದದ್ದನ್ನು ಬೇರೆಯಿಟ್ಟು, ಮೊದಲು ಗಾಳಿಯಾಡುವ ನೆರಳಲ್ಲಿ ಪುಟ ಬಿಡಿಸಿ ಒಣಗಿಸಿ, ಆಮೇಲೆ ಮಾಸ್ಕ್ ಹಾಕಿಕೊಂಡು ಮೃದು ಬ್ರಷ್‌ನಿಂದ ಹೊರಗಡೆ ಕೊಡವಿ. ಒದ್ದೆ ಇದ್ದಾಗ ಉಜ್ಜಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಬೇವಿನ ಸೊಪ್ಪು ಹುಳಕ್ಕೆ ಇಡುವಂಥದ್ದು, ಬೂಷ್ಟಿಗೆ ಅದು ಮದ್ದಲ್ಲ.

ಪ್ರ: ನಾನು ಏಳನೇ ಕ್ಲಾಸು. ಸಾಹಸದ ಕಥೆ ಇಷ್ಟ, ಆದರೆ ದಪ್ಪ ಪುಸ್ತಕ ನೋಡಿದರೆ ನಿದ್ದೆ ಬರುತ್ತದೆ. ಮಧ್ಯದಿಂದ ಓದಬಹುದಾ? ಅಕ್ಕ ಅದು ಮೋಸ ಅನ್ನುತ್ತಾಳೆ.
– ಒಬ್ಬ ವಿದ್ಯಾರ್ಥಿನಿ, ಮಡಿಕೇರಿ

ಉ: ಓದಬಹುದು, ಮೋಸವಲ್ಲ. ಚಿತ್ರಗಳಲ್ಲಿ ನಿನಗೆ ತುಂಬ ಇಷ್ಟವಾದದ್ದು ಯಾವುದೋ ಆ ಅಧ್ಯಾಯ ತೆಗೆದು ಓದು. ‘ಇವರು ಇಲ್ಲಿಗೆ ಹೇಗೆ ಬಂದರು?’ ಅನ್ನಿಸಿದರೆ ಆಗ ಹಿಂದಕ್ಕೆ ಹೋಗು. ಬೇಜಾರಾದ ಪ್ಯಾರಾ ಹಾರಿಸು. ಮುಂದೆ ಕಥೆ ಅರ್ಥವಾಗದೆ ಹೋದರೆ ಮಾತ್ರ ತಿರುಗಿ ಬಂದು ನೋಡು. ಇನ್ನೊಂದು: ಅಧ್ಯಾಯ ಮುಗಿದಾಗ ನಿಲ್ಲಿಸಬೇಡ. ಹುಡುಗಿ ಹಗ್ಗ ಹಿಡಿದು ನೇತಾಡುತ್ತಿದ್ದಾಳಲ್ಲ, ಅಲ್ಲಿ ನಿಲ್ಲಿಸಿ, ಆ ಸಾಲಿನ ಪಕ್ಕ ಕಾಗದದ ಚೂರು ಇಟ್ಟು ಮಲಗು. ಮುಗಿದ ಮೇಲೆ ಪುಸ್ತಕದ ಹೆಸರು ನಮಗೆ ಬರೆದು ಕಳಿಸು.